ಎತ್ತು ಕಾದವರ ಯುದ್ಧ

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಬಯಲಿನಲ್ಲಿ 'ಕಾವಲು' ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು, ಕನ್ನಡ ಬಲ್ಲವರಿಗೆಲ್ಲ ಗೊತ್ತಿರುವ ಅರ್ಥ: ಕಾಯುವುದು, ಪಹರೆ. ಇನ್ನೊಂದು, ದನಗಳ ಮೇವಿಗೆಂದು ಮೀಸಲಾಗಿ ಬಿಟ್ಟ ವಿಶಾಲವಾದ ಹುಲ್ಲಿನ ನೆಲ. 'ಹುಲ್ಲುಗಾವಲು' ಎಂದು ನಾಡಿನೆಲ್ಲೆಡೆ ಬಳಸುವ ಪದದೊಳಗೆ ಇರುವುದೂ ಇದೇ ಕಾವಲು. ಆದರೆ ಈ ಸೀಮೆಯ ಕಾವಲುಗಳು ಊರದನಗಳಿಗೆ ಬಿಟ್ಟ ಗೋಮಾಳಗಳಲ್ಲ. ಮೈಸೂರಿನ ಸೈನ್ಯಕ್ಕೆ ಬೇಕಾದ ಎತ್ತುಗಳು ಹುಟ್ಟಿ, ಮೇದು, ಬಲಿತ ನೆಲ ಇದು. ಅಮೃತಮಹಲ್ ಕಾವಲು ಎಂದು ಇಂದಿಗೂ ಕಂದಾಯ ದಾಖಲೆಗಳಲ್ಲಿ ಕಾಣುವ ಹೆಸರಿನ ಮೂಲ ಅದೇ.

ಮೈಸೂರಿನ ಯುದ್ಧಗಳ ಕಥೆಯಲ್ಲಿ ಕುದುರೆ ಏರಿದವರಿದ್ದಾರೆ, ಕೋಟೆ ಹತ್ತಿದವರಿದ್ದಾರೆ, ಫಿರಂಗಿಗೆ ಬತ್ತಿ ಇಟ್ಟವರಿದ್ದಾರೆ. ಆ ಫಿರಂಗಿಯನ್ನು ರಣರಂಗಕ್ಕೆ ತಂದ ಎತ್ತು ಮತ್ತು ಆ ಎತ್ತನ್ನು ರಾತ್ರಿಯಿಡೀ ಕಾದು ಬೆಳಗಿನ ಜಾವಕ್ಕೆ ನೊಗಕ್ಕೆ ತಂದು ನಿಲ್ಲಿಸಿದ ಮನುಷ್ಯ ಇಬ್ಬರೂ ಕಥೆಯ ಅಂಚಿನಲ್ಲೇ ಉಳಿದಿದ್ದಾರೆ. ಸೈನ್ಯದ ಭಾಷೆಯಲ್ಲಿ ಇಂಥವನು ಹೋರಾಡುವ ಸಿಪಾಯಿಯಲ್ಲ. ಹೋರಾಟಕ್ಕೆ ಒದಗುವವನು, ಬೆಂಬಲದ ಆಳು. ಅವನ ನೆನಪು ಪುಸ್ತಕದಲ್ಲಿ ಇಲ್ಲ. ಇರುವುದು ಈ ಮೂರು ತಾಲ್ಲೂಕುಗಳ ಹುಲ್ಲಿನ ನೆಲದಲ್ಲಿ ಮತ್ತು ಆ ನೆಲಕ್ಕೆ ಅಂಟಿಕೊಂಡಿರುವ ಒಂದು ಪದದಲ್ಲಿ.

ಬೆಣ್ಣೆ ಚಾವಡಿಯಿಂದ ಅಮೃತಮಹಲಿಗೆ

ಅಮೃತಮಹಲಿನ ಕಥೆ ಯುದ್ಧದಿಂದ ಆರಂಭವಾಗುವುದಿಲ್ಲ. ಹಾಲು ಬೆಣ್ಣೆಯಿಂದ ಆರಂಭವಾಗುತ್ತದೆ. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದ ಕಾಲದಲ್ಲಿ ಹಳ್ಳಿಕಾರ್ ತಳಿಯ ಒಳ್ಳೆಯ ಹಸುಗಳನ್ನು ತಂದು ಸಾಕಿದ್ದರು. ಆ ಮಂದೆ ಮೈಸೂರು ಅರಸರ ಕೈಗೆ ಬಂತು. ಒಬ್ಬರಾದ ಮೇಲೊಬ್ಬರು ಅದನ್ನು ಹೆಚ್ಚಿಸಿದರು. ಚಿಕ್ಕದೇವರಾಜ ಒಡೆಯರು (1672-1704) ಇದನ್ನು ಒಂದು ಇಲಾಖೆಯಾಗಿ ಕಟ್ಟಿ 'ಬೆಣ್ಣೆ ಚಾವಡಿ' ಎಂದು ಹೆಸರಿಟ್ಟರು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಕೆಲಸವಾಗಿತ್ತು.

ಈ ಹಸುಗಳ ಗಂಡುಕರುಗಳಲ್ಲಿ ಬೇರೊಂದು ಶಕ್ತಿಯನ್ನು ಕಂಡವನು ಹೈದರಾಲಿ. ಬೂದು ಬಣ್ಣ, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇಳುವ ಚೂಪಾದ ಕೊಂಬು, ಗಟ್ಟಿ ಗೊರಸು, ತೆಳುವಾದರೂ ಬಿಗಿಯಾದ ಮೈ. ಭಾರ ಎಳೆಯುವ ಎತ್ತುಗಳು ನಾಡಿನಲ್ಲಿ ಬೇರೆ ಇದ್ದವು. ಭಾರ ಎಳೆದುಕೊಂಡು ವೇಗವಾಗಿ ನಡೆಯುವ ಎತ್ತು ಅಪರೂಪ. ಹೈದರನು ತನ್ನ ರಾಜ್ಯದ ಬೇರೆ ಬೇರೆ ಭಾಗಗಳಲ್ಲಿ 60,000 ಎತ್ತುಗಳನ್ನು ಇಟ್ಟಿದ್ದನೆಂದು ಮೈಸೂರು ಗ್ಯಾಸೆಟಿಯರಿನಲ್ಲಿ ಹೇಳಿದೆ. ಅವನ ಮಗ ಟಿಪ್ಪು ಸುಲ್ತಾನನು ಬೆಣ್ಣೆ ಚಾವಡಿಗೆ 'ಅಮೃತಮಹಲ್' ಎಂಬ ಹೊಸ ಹೆಸರಿಟ್ಟು, ಇಲಾಖೆಗೆ ಹುಕುಂನಾಮೆ ಹೊರಡಿಸಿ, ಮಂದೆಗಳ ವಾರ್ಷಿಕ ಲೆಕ್ಕ ತೆಗೆಯುವ ಪದ್ಧತಿಯನ್ನು ಬಿಗಿಗೊಳಿಸಿದನು. ಹೆಸರಿನಲ್ಲಿ ಅಮೃತವಿದ್ದರೂ ಇಲಾಖೆಯ ಕಣ್ಣು ಆ ಹೊತ್ತಿಗೆ ಹಾಲಿನ ಮೇಲಿರಲಿಲ್ಲ, ನೊಗದ ಮೇಲಿತ್ತು.

ಕಾವಲುಗಳ ಏರ್ಪಾಡು ಜಾಣತನದ್ದು. ಒಂದೇ ಕಡೆ ಮಂದೆಯನ್ನು ಕಟ್ಟಿಹಾಕುವ ಪದ್ಧತಿ ಇರಲಿಲ್ಲ. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ನೆಲವನ್ನು ವಿಂಗಡಿಸಿದ್ದರು. ಮಳೆ ಬಿದ್ದಾಗ ಹುಲ್ಲು ಚಿಗುರುವ ಬಯಲು ಒಂದು, ಮಳೆ ನಿಂತ ಮೇಲೂ ಮೇವು ಉಳಿಯುವ ನೆಲ ಇನ್ನೊಂದು, ಬೇಸಿಗೆಯಲ್ಲಿ ಕೆರೆಯಂಗಳದ ಹಸಿರು ಮತ್ತು ಮರದ ನೆರಳು ಸಿಗುವ ಜಾಗ ಮತ್ತೊಂದು. ಮಂದೆ ವರ್ಷವಿಡೀ ಒಂದರಿಂದ ಒಂದಕ್ಕೆ ನಡೆಯುತ್ತಿತ್ತು. ಮಲೆನಾಡಿನ ಅಂಚಿಗೂ ಬಯಲಿಗೂ ನಡುವೆ ಇರುವ ಕಡೂರು-ತರೀಕೆರೆ ಸೀಮೆ ಇಂಥ ನಡಿಗೆಗೆ ಹೇಳಿ ಮಾಡಿಸಿದಂತಿತ್ತು. ಪಶ್ಚಿಮಕ್ಕೆ ಬಾಬಾಬುಡನ್ ಗಿರಿಶ್ರೇಣಿಯ ಮಳೆ, ಪೂರ್ವಕ್ಕೆ ಚಿತ್ರದುರ್ಗದ ಕಡೆಯ ಒಣ ಹವೆ. ಬಾಸೂರು, ಬೀರೂರು, ಲಿಂಗದಹಳ್ಳಿ, ಅಜ್ಜಂಪುರಗಳ ಹೆಸರು ಅಮೃತಮಹಲಿನೊಂದಿಗೆ ಬೆಸೆದುಕೊಂಡದ್ದಕ್ಕೆ ಈ ಭೂಗೋಳವೇ ಕಾರಣ.

ಮಂದೆಗಳ ಮೇಲ್ವಿಚಾರಕರಿಗೆ 'ಸೇರ್ವೆಗಾರ'ರೆಂದು ಹೆಸರು. ಅವರ ಕೈಕೆಳಗೆ ದನ ಕಾಯುವ ಆಳುಗಳು. ಈ ದನಗಳನ್ನು ಕೊಟ್ಟಿಗೆಯಲ್ಲಿ ಕೂಡುವುದಿಲ್ಲ. ಬಿಸಿಲು, ಮಳೆ, ಚಳಿ ಎನ್ನದೆ ಹಗಲೂ ರಾತ್ರಿ ಬಯಲಿನಲ್ಲೇ ಅವುಗಳ ವಾಸ. ಹೀಗಾಗಿ ಅವು ಅರೆಕಾಡು ಪ್ರಾಣಿಗಳಂತೆ ಬೆಳೆಯುತ್ತವೆ. ಹೊಸಬರು ಹತ್ತಿರ ಸುಳಿದರೆ ಕೊಂಬು ತಗ್ಗಿಸಿ ನಿಲ್ಲುತ್ತವೆ. ತಮ್ಮನ್ನು ಕಾಯುವವನ ದನಿಗೆ ಮಾತ್ರ ಓಗೊಡುತ್ತವೆ. ದನ ಬಯಲಿನಲ್ಲಿ ಮಲಗಿದರೆ ಕಾಯುವವನೂ ಬಯಲಿನಲ್ಲೇ ಮಲಗಬೇಕು. ಹುಲಿ, ಚಿರತೆ, ತೋಳ, ಕಳ್ಳ, ಯಾವುದೂ ಹೇಳಿ ಬರುವುದಿಲ್ಲ. ಕಾವಲಿನ ಆಳು ಮುಂದೆ ಸೈನ್ಯದ ಹಿಂದೆ ನಡೆದಾಗ ರಾತ್ರಿ ಕಾಯುವ ವಿದ್ಯೆಯನ್ನು ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಅದು ಅವನಿಗೆ ಈ ಹುಲ್ಲಿನ ನೆಲದಲ್ಲೇ ರೂಢಿಯಾಗಿತ್ತು.

ತುರುಗೊಳ್ ಮತ್ತು ನೆತ್ತರುಗೊಡಗೆ

ದನ ಕಾಯುವುದನ್ನು ಯುದ್ಧದ ಕೆಲಸವೆಂದು ಎಣಿಸಿದ್ದು ಹೈದರನ ಕಾಲದಲ್ಲೇ ಮೊದಲಲ್ಲ. ಹಿಂದೆ ಕಡೂರು ಜಿಲ್ಲೆ ಎಂದು ಕರೆಯುತ್ತಿದ್ದ ಈ ಪ್ರದೇಶದ ಶಾಸನಗಳನ್ನು ಬಿ.ಎಲ್. ರೈಸ್ ಅವರು 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ಕರ್ನಾಟಕದ ಇತರ ಭಾಗಗಳಂತೆ ಇಲ್ಲಿಯೂ ಊರ ಹೊರಗೆ, ಕೆರೆಯ ಏರಿಯ ಮೇಲೆ, ದೇವಾಲಯದ ಪಕ್ಕದಲ್ಲಿ ವೀರಗಲ್ಲುಗಳು ನಿಂತಿವೆ. ವೀರಗಲ್ಲುಗಳಲ್ಲಿ 'ತುರುಗೊಳ್' ಎಂಬುದು ಮತ್ತೆ ಮತ್ತೆ ಬರುವ ಮಾತು. ತುರು ಎಂದರೆ ದನ. ತುರುಗೊಳ್ ಎಂದರೆ ದನಗಳನ್ನು ಸೆರೆಹಿಡಿದು ಒಯ್ಯುವುದು. ಹಗೆಯ ನಾಡಿನ ಸಂಪತ್ತನ್ನು ಕಸಿಯುವ ಸುಲಭದ ದಾರಿ ಅದಾಗಿತ್ತು. ಧಾನ್ಯವನ್ನು ಹೊರಬೇಕು, ಚಿನ್ನವನ್ನು ಹುಡುಕಬೇಕು, ದನ ಮಾತ್ರ ತಾನೇ ನಡೆದು ಬರುತ್ತದೆ.

ಇಂಥ ದಾಳಿಯಲ್ಲಿ ತುರುಗಳನ್ನು ಮರಳಿಸಿ ಮಡಿದವನಿಗೆ ಕಲ್ಲು ನಿಲ್ಲಿಸುತ್ತಿದ್ದರು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ಕೆಲವೊಮ್ಮೆ ಸಾಲಾಗಿ ನಿಂತ ಹಸುಗಳು, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಕಲ್ಲಿನ ಜೊತೆಗೆ ಅವನ ಮನೆಯವರಿಗೆ ಭೂಮಿ. ರಕ್ತ ಸುರಿಸಿದ್ದಕ್ಕೆ ಕೊಟ್ಟ ಆ ಭೂಮಿಗೆ 'ನೆತ್ತರುಗೊಡಗೆ' ಎಂದೇ ಹೆಸರು. ಊರಿನ ದನ ಕಾದವನ ಹೆಸರನ್ನು ಕಲ್ಲು ನೆನಪಿಟ್ಟುಕೊಂಡಿತು, ಅವನ ಮಕ್ಕಳನ್ನು ಭೂಮಿ ಸಾಕಿತು. ಚಿತ್ರದುರ್ಗ, ತುಮಕೂರು ಸೀಮೆಯ ಕಾಡುಗೊಲ್ಲರಲ್ಲಿ ದನಗಾಹಿಯಾದ ಜುಂಜಪ್ಪನೇ ಸಾಂಸ್ಕೃತಿಕ ವೀರನಾಗಿ ಪೂಜೆಗೊಳ್ಳುತ್ತಿರುವುದನ್ನು ನೋಡಿದರೆ, ದನ ಕಾಯುವವನನ್ನು ವೀರನ ಸಾಲಿನಲ್ಲಿ ನಿಲ್ಲಿಸುವುದಕ್ಕೆ ಈ ನಾಡು ಹಿಂಜರಿಯಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಕನ್ನಡದ ಕ್ರಿಯಾಪದವೊಂದು ಇಲ್ಲಿ ನೆನಪಾಗಬೇಕು. 'ಕಾಯು' ಎಂದರೆ ರಕ್ಷಿಸು; 'ಕಾಯು' ಎಂದರೆ ಎದುರುನೋಡು. ದನ ಕಾಯುವುದಕ್ಕೂ ದಾರಿ ಕಾಯುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಮಾತು. ರಾತ್ರಿಯ ಪಹರೆ ಇವೆರಡೂ ಹೌದು. ಬರಬಹುದಾದ ಅಪಾಯದಿಂದ ಕಾಪಾಡುವುದು, ಬರಲೇಬೇಕಾದ ಬೆಳಗನ್ನು ಎದುರುನೋಡುವುದು. ಈ ಕೆಲಸದಲ್ಲಿ ಏನೂ ನಡೆಯದಿದ್ದರೆ ಅದೇ ಗೆಲವು. ಏನೂ ನಡೆಯದ ರಾತ್ರಿಯ ಬಗ್ಗೆ ಬರೆಯುವವರು ಯಾರು?

ನಾಲ್ಕು ಜಾವದ ದುಡಿಮೆ

ಹದಿನೆಂಟನೆಯ ಶತಮಾನದ ಸೈನ್ಯವೆಂದರೆ ನಡೆಯುವ ಪಟ್ಟಣ. ಸಿಪಾಯಿಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಅವರ ಹಿಂದೆ ಬರುವ ಜನ: ಎತ್ತು ಹೊಡೆಯುವವರು, ಹುಲ್ಲು ಕೊಯ್ಯುವವರು, ಕುದುರೆ ನೋಡಿಕೊಳ್ಳುವವರು, ಕಮ್ಮಾರರು, ಬಡಗಿಗಳು, ನೀರು ಹೊರುವವರು, ಡೋಲಿ ಹೊರುವವರು, ಅಂಗಡಿಯವರು. ಕೋಟೆ ಒಡೆಯುವ ದೊಡ್ಡ ಫಿರಂಗಿಯೊಂದನ್ನು ಎಳೆಯಲು ಹತ್ತಾರು ಜೊತೆ ಎತ್ತುಗಳು ಬೇಕಾಗುತ್ತಿದ್ದವು. ಕೆಸರಿನಲ್ಲಿ, ಏರಿನಲ್ಲಿ ಹಿಂದಿನಿಂದ ಆನೆ ನೂಕಬೇಕಾಗುತ್ತಿತ್ತು. ಗುಂಡು, ಮದ್ದು, ಅಕ್ಕಿ, ಡೇರೆ ಎಲ್ಲವೂ ಎತ್ತಿನ ಬೆನ್ನಿನ ಮೇಲೆ.

ಬಿಸಿಲಿಗೆ ಅಂಜಿ ಸೈನ್ಯ ಬೆಳಕು ಹರಿಯುವ ಮೊದಲೇ ಪ್ರಯಾಣ ಆರಂಭಿಸುತ್ತಿತ್ತು. ಕಾಲಾಳುಗಳು ಮಧ್ಯಾಹ್ನದೊಳಗೆ ಬಿಡಾರ ಸೇರಿದರೂ ಫಿರಂಗಿಯ ಎತ್ತುಗಳು ಸೇರುವಾಗ ಸಂಜೆಯಾಗಿರುವುದುಂಟು. ಎತ್ತು ಹೊಡೆಯುವವನ ದಿನದ ಇನ್ನೊಂದು ಅರ್ಧ ಆಗ ಮೊದಲಾಗುತ್ತಿತ್ತು. ನೊಗ ಇಳಿಸಬೇಕು, ಹೆಗಲಿನ ಹುಣ್ಣು ನೋಡಬೇಕು, ಗೊರಸಿಗೆ ಸಿಕ್ಕಿದ ಕಲ್ಲು ತೆಗೆಯಬೇಕು, ಲಾಳ ಸಡಿಲಾಗಿದ್ದರೆ ಬಿಗಿಸಬೇಕು, ನೀರಿನ ಜಾಗ ಹುಡುಕಬೇಕು. ಸಾವಿರಾರು ಬಾಯಿಗಳು ಒಂದೇ ಕೆರೆಗೆ ಬಿದ್ದರೆ ನೀರು ಬಗ್ಗಡವಾಗುವುದಕ್ಕೆ ಮುಂಚೆ ತನ್ನ ಜೋಡಿಗೆ ಕುಡಿಸಬೇಕು. ಹುಲ್ಲು ಸಿಗದ ಕಡೆ ಹುಲ್ಲಿನ ಬೇರನ್ನಾದರೂ ಕಿತ್ತು ತರಬೇಕು. ಹುರುಳಿಯ ಪಾಲು ಸಿಕ್ಕಿದರೆ ಅದು ಎತ್ತಿಗೇ ಸೇರುವಂತೆ ನೋಡಿಕೊಳ್ಳಬೇಕು.

ಆಮೇಲೆ ರಾತ್ರಿ. ಹಿಂದಿನವರು ರಾತ್ರಿಯನ್ನು ನಾಲ್ಕು ಜಾವಗಳಾಗಿ ಎಣಿಸುತ್ತಿದ್ದರು. ಜಾವಕ್ಕೆ ಮೂರು ಗಂಟೆ. ಎತ್ತು ಮೆಲುಕು ಹಾಕಿ ಮೇವನ್ನು ಮೈಗೆ ಹತ್ತಿಸಿಕೊಳ್ಳುವುದು ಈ ಹೊತ್ತಿನಲ್ಲಿ. ಮೆಲುಕಿಗೆ ಬಿಡುವಿಲ್ಲದ ಎತ್ತು ಮರುದಿನ ನೊಗದಲ್ಲೇ ಕುಸಿಯುತ್ತದೆ. ಆದ್ದರಿಂದ ರಾತ್ರಿ ಎತ್ತನ್ನು ಕಾಯುವುದೆಂದರೆ ಕಳ್ಳನಿಂದ ಮಾತ್ರ ಕಾಯುವುದಲ್ಲ. ಗದ್ದಲದಿಂದ, ಬೆದರಿಕೆಯಿಂದ, ಹಗ್ಗ ಸುತ್ತಿಕೊಳ್ಳುವುದರಿಂದ, ನಿದ್ದೆಗೇಡಿನಿಂದ ಕಾಯುವುದು. ಶತ್ರುವಿಗೂ ಇದು ಗೊತ್ತಿತ್ತು. ಲೂಟಿಯ ಕುದುರೆ ಸವಾರರು ಬಿಡಾರದ ಅಂಚಿನಲ್ಲಿ ಮೇಯುತ್ತಿದ್ದ ದನಗಳನ್ನೇ ಮೊದಲು ಹೊಡೆದುಕೊಂಡು ಹೋಗುತ್ತಿದ್ದರು. ಮೈಸೂರಿನವರ ಅಗ್ನಿಬಾಣಗಳು ರಾತ್ರಿ ಇಂಗ್ಲಿಷರ ಶಿಬಿರದ ಮೇಲೆ ಬಿದ್ದಾಗ ಮನುಷ್ಯರಿಗಿಂತ ಹೆಚ್ಚಾಗಿ ಕೆಡುತ್ತಿದ್ದುದು ದನಗಳ ನೆಮ್ಮದಿ. ಬೆದರಿ ಹಗ್ಗ ಕಿತ್ತು ಓಡಿದ ಎತ್ತನ್ನು ಕತ್ತಲಲ್ಲಿ ಹುಡುಕುವ ಕೆಲಸ ಯಾವ ರಣವರದಿಯಲ್ಲೂ ಸಾಹಸವೆಂದು ದಾಖಲಾಗುವುದಿಲ್ಲ.

ಸೈನ್ಯಗಳಿಗೆ ಧಾನ್ಯ ಸಾಗಿಸುತ್ತಿದ್ದ ಬಂಜಾರರದು, ಅಂದರೆ ನಮ್ಮ ಲಂಬಾಣಿಗರದು, ಇನ್ನೊಂದು ಬಗೆಯ ಕಾವಲು. ಸಂಜೆ ಇಳಿದಲ್ಲಿ ಎತ್ತಿನ ಬೆನ್ನಿನ ಹೇರುಗಳನ್ನು ಸುತ್ತಲೂ ಗೋಡೆಯಂತೆ ಒಟ್ಟಿ, ಒಳಗೆ ಜನ, ದನ ಸೇರಿ, ಬೆಂಕಿ ಉರಿಸಿ, ನಾಯಿಗಳನ್ನು ಕಾವಲಿಗೆ ಬಿಡುತ್ತಿದ್ದರು. ಪ್ರತಿ ರಾತ್ರಿ ಕಟ್ಟಿ ಪ್ರತಿ ಬೆಳಗ್ಗೆ ಬಿಚ್ಚುವ ಕೋಟೆ ಅದು. 1791-92ರಲ್ಲಿಯೂ 1799ರಲ್ಲಿಯೂ ಶ್ರೀರಂಗಪಟ್ಟಣದ ಮೇಲೆ ಬಂದ ಇಂಗ್ಲಿಷ್ ಸೈನ್ಯಗಳು ಇವರ ಧಾನ್ಯವನ್ನು ನಂಬಿದ್ದವು. ಕಡೂರು, ತರೀಕೆರೆಗಳ ಬಯಲಿನಲ್ಲಿ ಇಂದು ಕಾಣುವ ತಾಂಡಾಗಳ ಜನರ ಪೂರ್ವಿಕರ ಕಸುಬು ಇದೇ ಎತ್ತಿನ ಸಾಗಣೆ.

ಎತ್ತಿಲ್ಲದ ಸೈನ್ಯ

ಈ ದುಡಿಮೆಯ ಬೆಲೆ ಎಷ್ಟೆಂಬುದು ಅದು ಕೈಕೊಟ್ಟಾಗಲೇ ತಿಳಿಯುವುದು. 1791ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರನ್ನು ಹಿಡಿದು ಶ್ರೀರಂಗಪಟ್ಟಣದ ಬಾಗಿಲಿಗೆ ಬಂದಿದ್ದನು. ಮೇ 14ರ ರಾತ್ರಿ ಟಿಪ್ಪುವಿನ ಸೈನ್ಯದ ಮೇಲೆ ಕತ್ತಲಲ್ಲೇ ಬೀಳುವ ಯೋಚನೆ ಹೂಡಿದನು. ಗುಡುಗು ಮಳೆ ಬಂತು. ದಂಡಿನ ಸಾಲುಗಳು ದಾರಿ ತಪ್ಪಿ ಚೆದುರಿದವು, ಬೆಳಗಾಗುವವರೆಗೆ ನಿಲ್ಲಬೇಕಾಯಿತು. ಮರುದಿನ ಅರಕೆರೆಯ ಬಳಿ ನಡೆದ ಕದನದಲ್ಲಿ ಮೇಲುಗೈ ಅವನದೇ. ಆದರೆ ಗೆದ್ದ ಸೈನ್ಯ ಮುಂದಕ್ಕೆ ಹೋಗಲಾಗಲಿಲ್ಲ. ಟಿಪ್ಪುವಿನ ಕಡೆಯವರು ಸುತ್ತಲಿನ ಮೇವನ್ನು ಉಳಿಯಗೊಟ್ಟಿರಲಿಲ್ಲ. ಎತ್ತುಗಳು ಹಸಿವಿನಿಂದ, ರೋಗದಿಂದ ಸಾವಿರಗಟ್ಟಲೆ ಸತ್ತವು. ಸಿಪಾಯಿಗಳೇ ಹಗ್ಗ ಹಿಡಿದು ಫಿರಂಗಿಗಳನ್ನು ಕನ್ನಂಬಾಡಿಯವರೆಗೆ ಎಳೆದರು. ಕೊನೆಗೆ ಕೋಟೆ ಒಡೆಯಲೆಂದು ಅಷ್ಟು ದೂರದಿಂದ ತಂದ ದೊಡ್ಡ ಫಿರಂಗಿಗಳನ್ನು ತನ್ನ ಕೈಯಾರೆ ನಾಶಮಾಡಿ ಕಾರ್ನ್‌ವಾಲಿಸ್ ಹಿಂದಿರುಗಿದನು. ಆ ವರ್ಷ ಶ್ರೀರಂಗಪಟ್ಟಣ ಉಳಿದದ್ದರಲ್ಲಿ ಕೋಟೆಯ ಗೋಡೆಗಳಿಗೆ ಎಷ್ಟು ಪಾಲಿದೆಯೋ ಸತ್ತ ಎತ್ತುಗಳಿಗೂ ಅಷ್ಟೇ ಪಾಲಿದೆ.

ಅಮೃತಮಹಲಿನ ಎತ್ತಿದ್ದ ಕಡೆ ಕಥೆ ಬೇರೆ. 1781ರಲ್ಲಿ ಚಿದಂಬರದ ರಕ್ಷಣೆಗೆ ಹೈದರನ ಸೈನ್ಯ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆಯಿತು. ಸೋತ ಕದನಗಳಲ್ಲಿಯೂ ಶತ್ರುವಿನ ಕಣ್ಣೆದುರೇ ಅವನು ಫಿರಂಗಿಗಳನ್ನು ಹಿಂದಕ್ಕೆ ತೆಗೆದುಕೊಂಡು ಹೋಗುತ್ತಿದ್ದನು. 1783ರಲ್ಲಿ ಇಂಗ್ಲಿಷರ ಕೈಸೇರಿದ್ದ ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಪೂರ್ವದ ಬಯಲಿನಿಂದ ಮಲೆನಾಡಿಗೆ ಒಂದು ತಿಂಗಳಲ್ಲಿ ಪರ್ಯಾಯ ದ್ವೀಪವನ್ನೇ ದಾಟಿ ಬಂದನು. ಜನರಲ್ ಮೆಡೋಸನ ಎದುರು ಎರಡು ದಿನಗಳಲ್ಲಿ 63 ಮೈಲಿ ನಡೆದನು. ಗ್ಯಾಸೆಟಿಯರಿನಲ್ಲಿ ಈ ಸಾಧನೆಗಳನ್ನು ಅಮೃತಮಹಲಿನ ಲೆಕ್ಕಕ್ಕೆ ಬರೆದಿದೆ. ಎರಡು ದಿನಗಳಲ್ಲಿ 63 ಮೈಲಿ ಎಂದರೆ ಎತ್ತಿಗೆ ಎಷ್ಟೋ ಎತ್ತು ಹೊಡೆಯುವವನಿಗೂ ಅಷ್ಟೇ. ಅವನೂ ಆ ದಾರಿಯನ್ನು ಅದರ ಪಕ್ಕದಲ್ಲೇ ಸವೆಸಿದನು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಎತ್ತುಗಳ ಬೆಲೆಯನ್ನು ಚೆನ್ನಾಗಿ ಅರಿತವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಆದವನು. ಮರುವರ್ಷವೇ ಅವನು ಧೋಂಡಿಯಾ ವಾಘನನ್ನು ಬೆನ್ನಟ್ಟಬೇಕಾಯಿತು. ಧೋಂಡಿಯಾ ಇದೇ ಸೀಮೆಯವನು. ತರೀಕೆರೆ, ಅಜ್ಜಂಪುರಗಳಿಗೆ ನೆರೆಯ ಚನ್ನಗಿರಿ ಅವನ ಹುಟ್ಟೂರು. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದು, ಚದುರಿದ ಸೈನಿಕರನ್ನು ಕೂಡಿಸಿ, ತುಂಗಭದ್ರೆಯ ಇಬ್ಬದಿಯಲ್ಲೂ ಕುದುರೆ ಓಡಿಸುತ್ತಿದ್ದನು. ಹಗುರವಾದ ಕುದುರೆ ದಳವನ್ನು ಭಾರವಾದ ಸೈನ್ಯ ಹಿಡಿಯಬೇಕಾದರೆ ಸಾಮಾನು ಸಾಗಿಸುವವರ ಕಾಲು ಚುರುಕಾಗಿರಬೇಕು. ತಿಂಗಳುಗಟ್ಟಲೆ ನಡೆದ ಬೇಟೆ 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನಲ್ಲಿ ಧೋಂಡಿಯಾನ ಮರಣದೊಂದಿಗೆ ಮುಗಿಯಿತು. 1803ರ ಮರಾಠಾ ಯುದ್ಧಕ್ಕೂ ವೆಲ್ಲೆಸ್ಲಿ ಹೊರಟದ್ದು ಹರಿಹರದಿಂದ. ಬಾಡಿಗೆ ಎತ್ತುಗಳನ್ನು ನಂಬಿ ಯುದ್ಧ ಮಾಡಲಾಗದು, ಸರ್ಕಾರದ್ದೇ ಎತ್ತುಗಳಿರಬೇಕು, ಅವುಗಳನ್ನು ನೋಡಿಕೊಳ್ಳುವವರಿಗೆ ಕಾಲಕ್ಕೆ ಸರಿಯಾಗಿ ಸಂಬಳ ಸಲ್ಲಬೇಕು ಎಂಬುದು ಅವನ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ವಾದ. ಮುಂದೆ ಸ್ಪೇನ್, ಪೋರ್ಚುಗಲ್ಲುಗಳ ಯುದ್ಧದಲ್ಲಿದ್ದಾಗ ಅವನು ಮೈಸೂರಿನ ಎತ್ತುಗಳು ತನ್ನ ಬಳಿ ಇಲ್ಲವಲ್ಲ ಎಂದು ಹಳಹಳಿಸಿದನೆಂದು ಗ್ಯಾಸೆಟಿಯರಿನಲ್ಲಿ ಬರೆದಿದೆ.

ಲೆಕ್ಕಕ್ಕೆ ಸಿಕ್ಕ ಎತ್ತು, ಸಿಗದ ಮನುಷ್ಯ

ಕಂಪನಿಯ ಸರ್ಕಾರ ಅಮೃತಮಹಲನ್ನು ಮೊದಲು ಮೈಸೂರು ಸಂಸ್ಥಾನದ ಆಡಳಿತಕ್ಕೆ ಬಿಟ್ಟಿತು. ಮಂದೆಗಳು ಕ್ಷೀಣಿಸಿದವೆಂದು 1813ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಯನ್ನು ನೇಮಿಸಿ ತನ್ನ ಕೈಗೆ ತೆಗೆದುಕೊಂಡಿತು. 1817-18ರಲ್ಲಿ ಪೇಶ್ವೆಯನ್ನು ಬೆನ್ನಟ್ಟಿದ ಜನರಲ್ ಪ್ರಿಟ್ಜ್‌ಲರನ ಸೈನ್ಯ 25 ದಿನಗಳಲ್ಲಿ 346 ಮೈಲಿ ನಡೆದದ್ದೂ, 1842ರ ಅಫ್ಘನ್ ಯುದ್ಧದಲ್ಲಿ ಎತ್ತುಗಳು ನೊಗ ಕಳಚದೆ ದುಡಿದದ್ದೂ ಅಮೃತಮಹಲಿನ ಕೀರ್ತಿಗೆ ಸೇರಿದವು. 1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ ಖರ್ಚು ಉಳಿಸಲೆಂದು ಇಲಾಖೆಯನ್ನೇ ಮುಚ್ಚಿ ಮಂದೆಗಳನ್ನು ಮಾರಿಸಿದನು. ಸೈನ್ಯಕ್ಕೆ ಎತ್ತು ಸಿಗುವುದು ಕಷ್ಟವಾದಾಗ 1866ರಲ್ಲಿ ಮತ್ತೆ ತೆರೆಯಬೇಕಾಯಿತು. 1882ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಮರಳಿತು.

ಈ ದಾಖಲೆಗಳಲ್ಲೆಲ್ಲ ಗಮನಕ್ಕೆ ಬರುವ ಒಂದು ಸಂಗತಿಯಿದೆ. ಎತ್ತುಗಳ ಸಂಖ್ಯೆ ಇದೆ, ವಯಸ್ಸು ಇದೆ, ನಡೆದ ಮೈಲಿಗಳಿವೆ, ಬೆಲೆ ಇದೆ. ಅಧಿಕಾರಿಗಳ ಹೆಸರುಗಳಿವೆ. ಎತ್ತಿನ ಪಕ್ಕದಲ್ಲಿ ಅಷ್ಟೇ ಮೈಲಿ ನಡೆದವನ ಹೆಸರು ಕಾಣುವುದಿಲ್ಲ. ಬರೆದವರು ಅಧಿಕಾರಿಗಳು, ಎತ್ತು ಕಾದವರ ಕೈಯಲ್ಲಿದ್ದದ್ದು ಹಗ್ಗ, ಲೇಖನಿಯಲ್ಲ. ಹೊಯ್ಸಳರ ಕಾಲದ ದಂಡನಾಯಕನೊಬ್ಬನ ಹೆಸರು ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ 1196ರ ಅಮೃತೇಶ್ವರ ದೇವಾಲಯದ ಜೊತೆಗೆ ಇಂದಿಗೂ ಉಳಿದಿದೆ. ಅದೇ ಸೀಮೆಯಲ್ಲಿ ಊರದನ ಕಾದು ಸತ್ತವನಿಗೂ ಒಂದು ಕಲ್ಲು ಸಿಕ್ಕಿತು. ಸಾಮ್ರಾಜ್ಯಗಳ ದನ ಕಾದವನಿಗೆ ಅದೂ ಸಿಗಲಿಲ್ಲ.

ಇದು ಒಂದು ಸೀಮೆಯ ಕಥೆ ಮಾತ್ರವಲ್ಲ. 1914ರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ದಳ ಈಜಿಪ್ಟಿಗೆ ಹೋಗಿ ಸುಯೆಜ್ ಕಾಲುವೆಯ ಗಸ್ತಿಗೆ ನಿಂತಿತು. 1915ರ ಫೆಬ್ರವರಿ 2-3ರ ರಾತ್ರಿ ತುರ್ಕಿಯ ಸೈನ್ಯ ಮರಳುಗಾಡು ದಾಟಿ ಬಂದು ಕಾಲುವೆ ದಾಟಲು ಯತ್ನಿಸಿದ್ದರಿಂದ ಅಲ್ಲಿನ ರಾತ್ರಿ ಕಾವಲು ಎಷ್ಟು ಅಗತ್ಯವಾಗಿತ್ತೆಂಬುದು ತಿಳಿಯುತ್ತದೆ. 1918ರ ಸೆಪ್ಟೆಂಬರ್ 23ರಂದು ಇದೇ ದಳ ಜೋಧಪುರದ ಲ್ಯಾನ್ಸರ್ಸ್ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆದ್ದುಕೊಂಡಿತು. ಆ ಸವಾರರ ನೆನಪಿಗೆ ದೆಹಲಿಯಲ್ಲಿ 1922ರ ತೀನ್ ಮೂರ್ತಿ ಸ್ಮಾರಕವಿದೆ, ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೂ ಒಂದು ಸ್ಮಾರಕವಿದೆ. ಅವು ಇರಬೇಕಾದವೇ. ಆದರೆ ಸವಾರನ ಕುದುರೆಗೆ ರಾತ್ರಿ ಹುಲ್ಲು ಹಾಕಿದವನನ್ನು ಯಾವ ಶಿಲ್ಪಿಯೂ ಕಡೆದಿಲ್ಲ. ಮೊದಲ ಮಹಾಯುದ್ಧಕ್ಕೆ ಭಾರತದಿಂದ ಸೇರಿದ 14 ಲಕ್ಷಕ್ಕೂ ಹೆಚ್ಚು ಜನರಲ್ಲಿ ಸುಮಾರು 5.6 ಲಕ್ಷ ಮಂದಿ ಹೋರಾಡುವ ಸಿಪಾಯಿಗಳಲ್ಲ. ಹೇಸರಗತ್ತೆ ಹೊಡೆಯುವವರು, ಕೂಲಿಗಳು, ಅಡಿಗೆಯವರು, ಗಾಯಾಳುಗಳನ್ನು ಹೊತ್ತವರು. ಯುದ್ಧದಲ್ಲಿ ಮಡಿದವರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗವು 2021ರ ತನ್ನ ವರದಿಯಲ್ಲಿ, ಆಫ್ರಿಕ, ಏಷ್ಯಗಳ ಕನಿಷ್ಠ 1,16,000 ಮಂದಿ ಮೃತರನ್ನು ಹೆಸರಿಟ್ಟು ಸ್ಮರಿಸಿಲ್ಲವೆಂದು ಒಪ್ಪಿಕೊಂಡಿತು. ಅವರಲ್ಲಿ ದೊಡ್ಡ ಪಾಲು ಇಂಥ ಬೆಂಬಲದ ಆಳುಗಳದು. ನೂರು ವರ್ಷಗಳ ನಂತರ ಬಂದ ಈ ಒಪ್ಪಿಗೆಯಿಂದ ಹೆಸರುಗಳು ಮರಳಿ ಸಿಗುವುದಿಲ್ಲ. ಬರೆದಿಟ್ಟಿದ್ದರೆ ತಾನೆ ಸಿಗುವುದು.

ನೆಲವೇ ಸ್ಮಾರಕ

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲು ಬಂತು. ಕಡೂರು, ಬೀರೂರು, ಅಜ್ಜಂಪುರಗಳು ನಿಲ್ದಾಣಗಳಾದವು. ಸೈನ್ಯದ ಎತ್ತುಗಳು ಬೆಳೆದ ಬಯಲಿನ ನಡುವೆಯೇ ಅವುಗಳ ಕೆಲಸವನ್ನು ಕಿತ್ತುಕೊಳ್ಳುವ ಕಬ್ಬಿಣದ ಹಾದಿ ಹಾದುಹೋಯಿತು. ಮೋಟಾರು ವಾಹನಗಳು ಉಳಿದ ಕೆಲಸವನ್ನು ಮುಗಿಸಿದವು. 1923ರಲ್ಲಿ ಅಮೃತಮಹಲ್ ಸೈನಿಕ ಇಲಾಖೆಯಿಂದ ಕೃಷಿ ಇಲಾಖೆಗೆ ಹೋಯಿತು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರ ಆರಂಭವಾಯಿತು. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಅಜ್ಜಂಪುರವನ್ನು ಈ ತಳಿಯ ತವರೆಂದು ಕರೆಯುವುದು ವಾಡಿಕೆ. ಬೀರೂರಿನಲ್ಲಿ ನಡೆಯುವ ಅಮೃತಮಹಲ್ ಹೋರಿಕರುಗಳ ಹರಾಜಿಗೆ ರೈತರು ದೂರದ ಜಿಲ್ಲೆಗಳಿಂದಲೂ ಬರುತ್ತಾರೆ. ಅಲ್ಲಿ ಹರಾಜಾಗುವ ಕರುಗಳ ವಂಶದ ಹಿಂದಿನವು ಶ್ರೀರಂಗಪಟ್ಟಣದ ಫಿರಂಗಿ ಎಳೆದವು.

ಕಾವಲುಗಳ ಸ್ಥಿತಿ ಅಷ್ಟು ಚೆನ್ನಾಗಿಲ್ಲ. ಟಿಪ್ಪುವಿನ ಕಾಲಕ್ಕೆ ರಾಜ್ಯದ ಕಾವಲುಗಳ ಒಟ್ಟು ವಿಸ್ತೀರ್ಣ 4 ಲಕ್ಷ ಎಕರೆ ಮೀರಿತ್ತೆಂದು ಲೆಕ್ಕ. ಬೇಸಾಯಕ್ಕೆಂದು, ಪುನರ್ವಸತಿಗೆಂದು, ನೆಡುತೋಪಿಗೆಂದು, ಸಂಸ್ಥೆಗಳಿಗೆಂದು ಹಂಚಿಹೋಗಿ, ಒತ್ತುವರಿಯೂ ಸೇರಿ, ಉಳಿದಿರುವುದು ಅದರ ಚಿಕ್ಕದೊಂದು ಪಾಲು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಸಾವಿರಾರು ಎಕರೆ ಕಾವಲು ರಕ್ಷಣಾ ಸಂಶೋಧನೆಗೂ ವಿಜ್ಞಾನ ಸಂಸ್ಥೆಗಳಿಗೂ ಹೋಯಿತು. ಸೈನ್ಯದ ಎತ್ತು ಮೇದ ನೆಲದಲ್ಲಿ ಈಗ ಸೈನ್ಯದ ಚಾಲಕರಹಿತ ವಿಮಾನಗಳ ಪರೀಕ್ಷೆ ನಡೆಯುತ್ತದೆ. ಅಲ್ಲಿ ಕುರಿ, ದನ ಮೇಯಿಸುತ್ತಿದ್ದ ಹಳ್ಳಿಗರು ಕಾವಲಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು.

ಪಾಳು ನೆಲವೆಂದು ಇದನ್ನು ಕರೆಯುವುದು ಸುಲಭ. ಮರವಿಲ್ಲ, ಬೆಳೆಯಿಲ್ಲ, ಕಟ್ಟಡವಿಲ್ಲ. ಆದರೆ ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಸುಮಾರು 7 ಚದರ ಕಿಲೋಮೀಟರ್ ಪ್ರದೇಶವನ್ನು 2011ರಲ್ಲಿ ಸಂರಕ್ಷಿತ ಮೀಸಲು ಎಂದು ಘೋಷಿಸಿದಾಗ ಈ ನೆಲ ಏನನ್ನು ಉಳಿಸಿಕೊಂಡಿತ್ತೆಂಬುದು ಅಧಿಕೃತವಾಗಿ ದಾಖಲಾಯಿತು. ಕೃಷ್ಣಮೃಗ ಅಲ್ಲಿದೆ, ಹಿಂದಿನ ದನಗಾಹಿ ರಾತ್ರಿ ಎದ್ದು ಕುಳಿತು ಕಿವಿಗೊಟ್ಟ ತೋಳವೂ ಅಲ್ಲಿದೆ. ಸೈನ್ಯಕ್ಕೆಂದು ಮೀಸಲಿಟ್ಟ ಹುಲ್ಲು ಸೈನ್ಯ ಮರೆತ ಮೇಲೂ ಹುಲ್ಲಾಗಿಯೇ ಉಳಿದದ್ದರಿಂದ ಇಷ್ಟಾದರೂ ಸಾಧ್ಯವಾಯಿತು.

ಎತ್ತು ಕಾದವರು ಬಿಟ್ಟುಹೋದ ದಾಖಲೆ ಇದೊಂದೇ. ವೀರಗಲ್ಲಿನಲ್ಲಿ ಹೆಸರಿರುತ್ತದೆ, ಕಾವಲಿನಲ್ಲಿ ಹೆಸರಿಲ್ಲ, ಕೆಲಸದ ಗುರುತು ಮಾತ್ರ ಇದೆ. ಒಂದು ಕಾವಲು ಉತ್ತು ಹೊಲವಾದಾಗ, ಬೇಲಿ ಬಿದ್ದು ನಿವೇಶನವಾದಾಗ ಹೋಗುವುದು ಮೇವು ಮಾತ್ರವಲ್ಲ. ಮೈಸೂರಿನ ಯುದ್ಧಗಳಲ್ಲಿ ಅತ್ಯಂತ ಹೆಚ್ಚು ರಾತ್ರಿ ಎಚ್ಚರವಾಗಿದ್ದವರ ನೆನಪಿಗೆ ಉಳಿದಿರುವ ನೆಲವೂ ಹೋಗುತ್ತದೆ. ಕಾಯುವವರು ಕಾದ ನೆಲವನ್ನು ಕಾಯುವ ಸರದಿ ಈಗ ಉಳಿದವರದು.